ಮಲ್ಲಿಗೆ ಅತ್ತರಿನ ನೊರೆಗುಂಡು

ಅಕ್ಕ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ ಹಂಪಿಯ ಗೆಳತಿಯೊಬ್ಬಳು ಅವಳಿಗೆ ನಿಂಬೆಹಣ್ಣಿನ ಗಾತ್ರದ ಒಂದು ಬಿಳಿ ಗುಂಡು ತಂದುಕೊಟ್ಟಳು. ಅವರ ಮನೆಯಲ್ಲಿ ಬಾಡಿಗೆಗಿದ್ದ ವಿದೇಶಿ ಹೆಂಗಸೊಬ್ಬಳು ಊರು ಬಿಡುವಾಗ ಕೊಟ್ಟದ್ದಂತೆ. ಸ್ನಾನದ ನೀರಿಗೆ ಹಾಕುವುದು ಎಂಬುದಷ್ಟೇ ಗೊತ್ತಿತ್ತು. ತುಂಗಭದ್ರಾ ಡ್ಯಾಂ ಕ್ವಾರ್ಟರ್ಸಿನ ನಮ್ಮ ಬಚ್ಚಲಲ್ಲಿ ಬಕೆಟ್ಟಿನೊಳಗೆ ಹಾಕಿದೆವು. ಸುರ್ರೆಂದು ನೊರೆ ಎದ್ದಿತು, ಯಾವುದೋ ಗುರುತಿಲ್ಲದ ಹೂವಿನ ವಾಸನೆ ಬಂತು, ಎರಡು ನಿಮಿಷದಲ್ಲಿ ಗುಂಡು ಇಲ್ಲವಾಯಿತು. ನನಗೆ ಅಳುವೇ ಬಂದಂತಾಯಿತು. ಅಕ್ಕ ಮಾತ್ರ ಬೆರಳಿಗೆ ನೀರು ಹಚ್ಚಿಕೊಂಡು ನಾಲಿಗೆಗೆ ತಾಗಿಸಿ ನೋಡಿದಳು.

"ಅಡುಗಿ ಸೋಡಾ, ನಿಂಬುಪ್ಪು. ಇಷ್ಟ ಐತಿ ಇದರಾಗ. ನಾವೂ ಮಾಡಬಹುದಲೇ."

ಒಂದೇ ಸಲಕ್ಕೆ ಬರಲಿಲ್ಲ. ಕಲಸುವಾಗ ನೀರು ತುಸು ಹೆಚ್ಚಾದರೂ ಅಂಗೈಯಲ್ಲೇ ಉಕ್ಕಿ ಹಾಳಾಗುತ್ತಿತ್ತು. ಎರಡು ಬಟ್ಟಲು ಸೋಡಾ, ಒಂದು ಬಟ್ಟಲು ನಿಂಬುಪ್ಪು ಅಂದರೆ ಸಿಟ್ರಿಕ್ ಆ್ಯಸಿಡ್, ಮುಷ್ಟಿ ಮೆಕ್ಕೆಜೋಳದ ಹಿಟ್ಟು, ಎರಡು ಚಮಚ ಕೊಬ್ಬರಿ ಎಣ್ಣೆ, ಕೊನೆಗೆ ಬೆರಳ ತುದಿಯಿಂದ ಚಿಮುಕಿಸಿದಷ್ಟೇ ನೀರು. ಹೊಸಪೇಟೆಯ ಬಜಾರದ ಅತ್ತರಿನ ಅಂಗಡಿಯಿಂದ ತಂದ ಮಲ್ಲಿಗೆ ಅತ್ತರು ಹತ್ತು ಹನಿ. ಒಡೆದ ಪ್ಲಾಸ್ಟಿಕ್ ಚೆಂಡಿನ ಎರಡು ಹೋಳುಗಳಲ್ಲಿ ಒತ್ತಿ ತುಂಬಿ, ಜೋಡಿಸಿ, ಮೆಲ್ಲಗೆ ಬಿಡಿಸಿ ನೆರಳಿಗಿಡುತ್ತಿದ್ದೆವು. ನಮ್ಮ ಕಡೆಯ ಒಣ ಬೇಸಿಗೆಯಲ್ಲಿ ಅವು ಒಂದೇ ದಿನಕ್ಕೆ ಕಲ್ಲಿನಂತಾಗುತ್ತಿದ್ದವು. ನೊರೆಗುಂಡು ಎಂದು ಹೆಸರಿಟ್ಟವಳು ನಾನು.

ಮರುವರ್ಷ ಅಕ್ಕನ ಮದುವೆಯಾಯಿತು. ಭಾವ ಸಂಡೂರಿನ ಗಣಿಯೊಂದರಲ್ಲಿ ಸೂಪರ್‌ವೈಸರ್. ಅದಿರಿನ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ಕಾಲ ಅದು. ಆ ಊರಿನಲ್ಲಿ ಒಣಹಾಕಿದ ಬಿಳಿ ಬಟ್ಟೆ ಸಂಜೆಗೆ ಕಾವಿಯಾಗುತ್ತಿತ್ತು. ಅಕ್ಕ ಒಂದು ಡಬ್ಬಿ ನೊರೆಗುಂಡು ಒಯ್ದಿದ್ದಳು. ಭಾವ ಕೆಲಸದಿಂದ ಬಂದ ಕೂಡಲೇ ಕಬ್ಬಿಣದ ಪುಟ್ಟಿಯಲ್ಲಿ ಬಿಸಿನೀರು ಹಾಕಿ ಅದರೊಳಗೆ ಅರ್ಧ ಗುಂಡು ಬಿಡುತ್ತಿದ್ದಳಂತೆ. ಅವರು ಕಾಲಿಳಿಸಿ ಕೂತು ಸಣ್ಣ ಹುಡುಗರಂತೆ ನಗುತ್ತಿದ್ದರಂತೆ. ಫೋನಿನಲ್ಲಿ ಇದನ್ನು ಹೇಳುವಾಗ ಅಕ್ಕನ ದನಿಯೇ ಬೇರೆಯಾಗಿರುತ್ತಿತ್ತು.

ಮದುವೆಯಾಗಿ ಒಂದೂವರೆ ವರ್ಷಕ್ಕೆ, ತೋರಣಗಲ್ಲಿನ ರಸ್ತೆಯಲ್ಲಿ ಭಾವನ ಬೈಕಿಗೆ ಲಾರಿ ಬಡಿಯಿತು. ಅವರು ಸ್ಥಳದಲ್ಲೇ ಹೋದರು.

ಅಕ್ಕನ ಮುಡಿಯಿಂದ ಹೂವು ತೆಗೆದವರು ಅವಳ ಅತ್ತೆ. ಅವರೂ ಗಂಡನನ್ನು ಕಳೆದುಕೊಂಡವರೇ, ಇದ್ದೊಬ್ಬ ಮಗನನ್ನು ಈಗ ಕಳೆದುಕೊಂಡವರು. ಆದರೂ ಅವತ್ತು ನಡುಗದ ಕೈಯಿಂದ ಮಲ್ಲಿಗೆ ದಂಡೆಯನ್ನು ಬಿಚ್ಚಿ ತಟ್ಟೆಯಲ್ಲಿಟ್ಟಿದ್ದನ್ನು ನೋಡಿ ನಾನು ಅವರನ್ನು ಮನಸ್ಸಿನಲ್ಲೇ ಶಪಿಸಿದ್ದೆ.

ತಿಂಗಳ ಮೇಲೆ ನಾನು ಸಂಡೂರಿಗೆ ಹೋದಾಗ ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಊಟ ಮಾಡುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಆದರೆ ಒಮ್ಮೆಯೂ ಅತ್ತಿರಲಿಲ್ಲವಂತೆ. ತಲೆಗೆ ನೀರು ಹಾಕಿಕೊಂಡು ಎಷ್ಟು ದಿನವಾಗಿತ್ತೋ, ಕೂದಲ ಬುಡದಲ್ಲಿ ಕೆಂಪು ಧೂಳು ಕೂತಿತ್ತು. ನಾನು ಅವಳನ್ನು ಬಚ್ಚಲಿಗೆ ಕರೆದೊಯ್ದೆ. ನಾನೊಬ್ಬಳೇ ಮಾಡಿ ಮುಚ್ಚಿಟ್ಟು ತಂದಿದ್ದ ಗುಂಡನ್ನು ಬಕೆಟ್ಟಿಗೆ ಬಿಟ್ಟೆ. ನೊರೆ ಎದ್ದಿತು. ಅಕ್ಕ ಅದರೊಳಗೆ ಕೈಯಿಟ್ಟಳು.

"ನೀರಿಗೆ ಜೀವ ಬಂತು ನೋಡ ಅಂತಿದ್ರು," ಎಂದಳು. ಆಮೇಲೆ ಅತ್ತಳು. ನೀರು ತಣ್ಣಗಾಗುವವರೆಗೂ ಅತ್ತಳು. ನಾನು ಚೊಂಬಿನಿಂದ ಅವಳ ತಲೆಗೆ ನೀರು ಹಾಕುತ್ತಲೇ ಇದ್ದೆ.

ಹೊರಗೆ ಬಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಮನೆ ತುಂಬ ಮಲ್ಲಿಗೆಯ ವಾಸನೆ. ನಾನು ಒದ್ದೆ ಕೈಗಳನ್ನು ಬೆನ್ನ ಹಿಂದೆ ಮರೆಮಾಡಿಕೊಂಡೆ. ಅಕ್ಕ ತಲೆ ತಗ್ಗಿಸಿಕೊಂಡು ಒಳಗೆ ಹೋದಳು.

"ಏನವ್ವಾ ಅದು?" ಅತ್ತೆ ಕೇಳಿದರು.

"ಸೋಪು," ಎಂದೆ.

ಅವರು ಬಚ್ಚಲಿನೊಳಗೆ ಹೋಗಿ ಬಕೆಟ್ಟಿನ ತಳದ ನೀರಲ್ಲಿ ಕೈ ಅದ್ದಿ ಮೂಗಿಗೆ ಹಿಡಿದರು. ಬಹಳ ಹೊತ್ತು ಹಾಗೇ ಇದ್ದರು.

"ನಮ್ಮವರು ಹೋದಾಗ ನಂಗ ಇಪ್ಪತ್ತೆರಡು ತುಂಬಿತ್ತು, ಮಗ ಇನ್ನೂ ತೊಟ್ಟಿಲದಾಗ ಇದ್ದ. ಅವತ್ತಿಂದ ಈ ವಾಸನಿ ನನ್ನ ಮೈಗೆ ಹತ್ತಿಲ್ಲ." ಸೆರಗಿಗೆ ಕೈ ಒರೆಸಿಕೊಳ್ಳಲಿಲ್ಲ ಅವರು. "ಮುಂದಿನ ಸಲ ಬರುವಾಗ ನಂಗೂ ಒಂದು ತಾ. ಯಾರಿಗೂ ಹೇಳಬ್ಯಾಡ."

"ತರ್ತೀನ್ರಿ," ಎಂದೆ.

ಡ್ಯಾಮಿಗೆ ಮರಳಿದ ವಾರದಲ್ಲೇ ಮಳೆ ಹಿಡಿಯಿತು. ತೇವಕ್ಕೆ ಗುಂಡುಗಳು ಗಟ್ಟಿಯಾಗಲಿಲ್ಲ, ಇಟ್ಟಲ್ಲೇ ಉಬ್ಬಿ ಬಿರುಕುಬಿಟ್ಟವು. ಎರಡು ಸಲ ಮಾಡಿ ಎರಡು ಸಲವೂ ಚೆಲ್ಲಿದೆ. ನಡುವೆ ನನ್ನ ಪರೀಕ್ಷೆ ಬಂತು. ಮಳೆ ಹೋಗಲಿ, ಚೆನ್ನಾಗಿರುವುದನ್ನೇ ಒಯ್ಯೋಣ ಎಂದುಕೊಂಡೆ. ಫೋನಿನಲ್ಲಿ ಅಕ್ಕ ಒಂದೆರಡು ಸಲ, "ಅತ್ತಿ ನಿನ್ನ ಕೇಳ್ತಾರ, ಯಾವಾಗ ಬರ್ತಾಳ ಅಂತ," ಎಂದಳು. ಏತಕ್ಕೆಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ದೀಪಾವಳಿ ಕಳೆದ ಮೇಲೆ ಆರು ಗುಂಡು ಸರಿಯಾಗಿ ಬಂದವು. ಡಬ್ಬಿಗೆ ತುಂಬಿ ನಾಳೆ ಹೊರಡುವುದೆಂದುಕೊಂಡ ದಿನ ಬೆಳಿಗ್ಗೆ ಅಕ್ಕನ ಫೋನು ಬಂತು. ಅತ್ತೆ ಒಲೆಯ ಮುಂದೆ ಕೂತಲ್ಲೇ ಕುಸಿದಿದ್ದರು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು.

ಅಂಗಳದಲ್ಲಿ ಸೀರೆ ಅಡ್ಡ ಹಿಡಿದು ಹೆಂಗಸರು ಅವರಿಗೆ ಕೊನೆಯ ಸ್ನಾನ ಮಾಡಿಸಿದರು. ಡಬ್ಬಿ ನನ್ನ ಕೈಚೀಲದಲ್ಲೇ ಇತ್ತು. ಬಿಸಿನೀರಿನ ಹಂಡೆ ನನ್ನಿಂದ ಎರಡು ಹೆಜ್ಜೆ ದೂರ. ಇಷ್ಟು ಜನರ ನಡುವೆ ಹೊರಗೆ ತೆಗೆದರೆ ಏನೆನ್ನುತ್ತಾರೋ ಎಂದು ಹೆದರಿದೆ. ಚೀಲವನ್ನು ಎದೆಗೆ ಅವುಚಿಕೊಂಡು ನಿಂತೇ ಇದ್ದೆ. ಬರೀ ನೀರು ಹಾಕಿ ಅವರನ್ನು ಒಯ್ದರು.

ಎಲ್ಲ ಮುಗಿದ ಮೇಲೆ ಅತ್ತೆ ಕೇಳಿದ್ದನ್ನು ಅಕ್ಕನಿಗೆ ಹೇಳಿದೆ. ಅವಳು ನನ್ನ ಕೈಚೀಲದಿಂದ ಡಬ್ಬಿ ತೆಗೆದು ನೋಡಿದಳು.

"ಒಂದು ಸೀಸಿ ಅತ್ತರು ತಂದುಕೊಟ್ಟಿದ್ದರೂ ಆಗತಿತ್ತು," ಎಂದಳು. "ಅವರು ಕೇಳಿದ್ದು ವಾಸನಿ ಅಷ್ಟ."

ಅದು ನನಗೆ ಹೊಳೆದೇ ಇರಲಿಲ್ಲ. ಆ ಸೀಸೆ ಮಳೆಗಾಲವಿಡೀ ನನ್ನ ಕಪಾಟಿನಲ್ಲಿತ್ತು. ಸಂಡೂರು ಬಸ್ಸಿನಲ್ಲಿ ಬರೀ ಒಂದು ತಾಸಿನ ದಾರಿ.

ಅಕ್ಕ ಮುಂದೆ ಕಂಪ್ಲಿಯ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರಾಗಿ ಸೇರಿದಳು, ಅಲ್ಲೇ ನೆಲೆಸಿದಳು. ಈಗ ಅವಳು ಹೂವು ಮುಡಿಯುತ್ತಾಳೆ. ಯಾರೇನೆಂದರೂ ಕೇಳುವುದಿಲ್ಲ. ಮುಡಿಯುವ ಮೊದಲು ಒಂದು ಮೊಳ ಕತ್ತರಿಸಿ ಅತ್ತೆಯ ಫೋಟೋಕ್ಕೆ ಹಾಕುತ್ತಾಳೆ. ಆ ಮನೆಗೆ ಹೋದಾಗಲೆಲ್ಲ ನಾನು ಆ ಫೋಟೋ ಇರುವ ಗೋಡೆಗೆ ಬೆನ್ನುಮಾಡಿ ಕೂರುತ್ತೇನೆ.