ಪಟ್ಟಿಗೆ ಸೇರಿದ ಹತ್ತನೆಯ ಆಟ

೧೯೭೪ರ ಜೂನ್ ತಿಂಗಳಲ್ಲಿ ನಾನು ಚಿತ್ರದುರ್ಗದ ಒಂದು ಶಿಕ್ಷಕಿಯರ ತರಬೇತಿ ಕಾಲೇಜಿನಲ್ಲಿ ಗಣಿತ ಬೋಧನೆಯ ಉಪನ್ಯಾಸಕಿಯಾಗಿದ್ದೆ. ತುಮಕೂರು ಕಡೆಯವಳು, ವಯಸ್ಸು ಇಪ್ಪತ್ತೊಂಬತ್ತು, ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಕಾಲೇಜಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮುಂದೆ ಹಿರಿಯೂರು ತಾಲ್ಲೂಕಿನ ಕುರಿಗಾಹಿಗಳ ಒಂದು ಹಟ್ಟಿ ಬರುತ್ತದೆ, ಅಲ್ಲಿನ ಒಬ್ಬ ಹುಡುಗಿ ಬರುತ್ತಾಳೆ. ಆ ಎರಡು ಹೆಸರನ್ನೂ ಬರೆಯುವುದಿಲ್ಲ. ಒಮ್ಮೆ ಬರೆದು ಆದದ್ದೇ ಸಾಕು.

ಆ ವರ್ಷ ನಮ್ಮ ಕೋರ್ಸಿಗೆ ‘ಆಟಗಳ ಬೋಧನೆ’ ಎಂಬ ಹೊಸ ವಿಷಯ ಸೇರಿತು. ಹಳ್ಳಿ ಶಾಲೆಯಲ್ಲಿ ಖರ್ಚಿಲ್ಲದೆ ಆಡಿಸಬಹುದಾದ ಹತ್ತು ಆಟಗಳನ್ನು ಕಾಲೇಜೇ ಆರಿಸಿಕೊಳ್ಳಬೇಕು, ಕಲಿಸಬೇಕು, ಪ್ರಾಕ್ಟಿಕಲ್ ಪರೀಕ್ಷೆ ಮಾಡಬೇಕು. ವ್ಯಾಯಾಮ ಶಿಕ್ಷಕರ ಹುದ್ದೆ ಖಾಲಿ ಇತ್ತು. ಪ್ರಿನ್ಸಿಪಾಲರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿದರು. ಎಲ್ಲರೂ ತಲೆ ತಗ್ಗಿಸಿದರು, ನಾನು ತಗ್ಗಿಸಲಿಲ್ಲ. ಹಾಗಾಗಿ ಕೆಲಸ ನನ್ನ ಕೊರಳಿಗೆ ಬಿತ್ತು.

ನಾನು ಯಾವ ಕೆಲಸವನ್ನೂ ಅರೆಬರೆ ಮಾಡುವವಳಲ್ಲ. ಆಗ ಅದನ್ನು ದೊಡ್ಡ ಗುಣವೆಂದುಕೊಂಡಿದ್ದೆ. ಕಬಡ್ಡಿ, ಕೊಕ್ಕೊ ಎಂದು ಹತ್ತು ಹೆಸರು ಗೀಚಿ ಕೊಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ನಾನು ಒಂದು ನಮೂನೆ ತಯಾರಿಸಿದೆ. ಅದರಲ್ಲಿ ನಾಲ್ಕು ಕಾಲಂ: ಆಟದ ಹೆಸರು, ನಿಯಮ, ಹೇಳಿದವರ ಹೆಸರು ಮತ್ತು ಊರು, ಆಡುವ ಸಂದರ್ಭ. ನಾಲ್ಕನೆಯ ಕಾಲಂ ಬಗ್ಗೆ ನನಗೆ ವಿಶೇಷ ಹೆಮ್ಮೆ. ಆಟ ಎಲ್ಲಿಂದ ಬಂತು, ಯಾರು, ಯಾವಾಗ ಆಡುತ್ತಿದ್ದರು ಎಂಬುದು ತಿಳಿಯದೆ ಮಕ್ಕಳಿಗೆ ಕಲಿಸಬಾರದು ಎಂದು ತರಗತಿಯಲ್ಲಿ ಭಾಷಣವನ್ನೇ ಬಿಗಿದೆ. ನಲವತ್ತೆರಡು ವಿದ್ಯಾರ್ಥಿನಿಯರು ದಸರಾ ರಜೆಗೆ ಊರಿಗೆ ಹೊರಟಾಗ ಎಲ್ಲರ ಕೈಯಲ್ಲೂ ಎರಡೆರಡು ನಮೂನೆ ಇದ್ದವು.

ರಜೆ ಮುಗಿದ ಮೇಲೆ ಅರವತ್ತಮೂರು ಹಾಳೆಗಳು ವಾಪಸು ಬಂದವು. ಮತ್ತೋಡಿನ ಹುಡುಗಿ ಬಂಡೆಯ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದು ಆಡುವ ಹುಲಿ-ಕುರಿ ಆಟ ತಂದಿದ್ದಳು. ಹೊಸದುರ್ಗದಿಂದ ಮೂರು ಬಗೆಯ ಕುಂಟೆಬಿಲ್ಲೆ ಬಂದವು. ಹೊಳಲ್ಕೆರೆಯ ಒಬ್ಬಳು ಕೇರಂ ಬೋರ್ಡಿನ ಚಿತ್ರ ಬರೆದು ‘ನಮ್ಮೂರಿನ ಪುರಾತನ ಆಟ’ ಎಂದು ಷರಾ ಹಾಕಿದ್ದಳು. ನಗುತ್ತ, ಬೈಯುತ್ತ ಒಂಬತ್ತು ಆಟ ಆರಿಸಿದೆ. ಹತ್ತನೆಯದು ಹುಲಿ-ಕುರಿ ಎಂದು ಹೆಚ್ಚುಕಡಿಮೆ ನಿಶ್ಚಯವಾಗಿತ್ತು.

ಖಾಲಿ ಹಾಳೆ ಕೊಟ್ಟವಳು ಒಬ್ಬಳೇ. ಅವಳನ್ನು ಇಲ್ಲಿ ರಂಗಮ್ಮ ಎನ್ನುತ್ತೇನೆ. ಹತ್ತೊಂಬತ್ತು ವರ್ಷ, ಕುರಿ ಸಾಕುವವರ ಮನೆಯ ಮಗಳು. ಅವಳ ಹಟ್ಟಿಯಿಂದ ಎಸ್ಸೆಸ್ಸೆಲ್ಸಿ ದಾಟಿದ ಮೊದಲ ಹುಡುಗಿ. ಟೀಚರ್ ಆಗಿ ತನ್ನ ಹಟ್ಟಿಯ ಪಕ್ಕದ ಶಾಲೆಗೇ ಹೋಗಬೇಕೆಂಬುದು ಅವಳ ಆಸೆ. ಮಾತು ಕಡಿಮೆ, ಕಪ್ಪುಹಲಗೆಯ ಮೇಲಿನ ಬರಹ ಅಚ್ಚು ಹಾಕಿದ ಹಾಗೆ.

ನವೆಂಬರಿನಲ್ಲಿ ಹುಡುಗಿಯರನ್ನು ಚಂದ್ರವಳ್ಳಿಗೆ ಕರೆದುಕೊಂಡು ಹೋಗಿದ್ದೆವು. ಊಟವಾದ ಮೇಲೆ ಎಲ್ಲರೂ ಗುಹೆ ನೋಡಲು ಹೋದರು. ರಂಗಮ್ಮ ಮಾತ್ರ ಮರದ ಕೆಳಗೆ ಕುಳಿತು ಮಣ್ಣಿನಲ್ಲಿ ಏನೋ ತೋಡುತ್ತಿದ್ದಳು. ಹತ್ತಿರ ಹೋಗಿ ನೋಡಿದರೆ ಎರಡು ಸಾಲು ಗುಳಿ, ಅದರ ತುಂಬ ಸಣ್ಣ ಕಲ್ಲು. ಅಳಗುಳಿಮಣೆಯ ಹಾಗೇ ಇತ್ತು, ಆದರೆ ಎದುರಿಗೆ ಯಾರೂ ಇರಲಿಲ್ಲ. ಒಂದು ಸಾಲನ್ನು ಬಲಗೈ ಆಡುತ್ತಿತ್ತು, ಇನ್ನೊಂದನ್ನು ಎಡಗೈ. ಬಲಗೈ ಆಡುವಾಗ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದಳು. ಒಂದು ಕೈಯ ಕಲ್ಲೆಲ್ಲ ಮುಗಿದರೆ ಗೆದ್ದ ಕೈ ಅರ್ಧ ಹಿಂದಕ್ಕೆ ಕೊಡಬೇಕು, ಆಟ ಮುಂದುವರಿಯಬೇಕು.

ನಾನು ಅಲ್ಲೇ ಕುಕ್ಕರಗಾಲಲ್ಲಿ ಕುಳಿತೆ. “ಇಷ್ಟು ಒಳ್ಳೆ ಆಟ ಇಟ್ಟುಕೊಂಡು ಖಾಲಿ ಹಾಳೆ ಕೊಟ್ಟಿದೀಯಲ್ಲೇ! ಎಲ್ಲಿ ಕಲಿತೆ?”

ಅವಳು ಕಲ್ಲುಗಳನ್ನು ಕೈಯಿಂದ ಸರಿಸಿಬಿಟ್ಟಳು. ನಾನು ಬಿಡಲಿಲ್ಲ. ಕೊನೆಗೆ ತಲೆ ಎತ್ತದೆ ಹೇಳಿದಳು. ಹಟ್ಟಿಯ ಆಚೆ ಹೊಂಗೆ ಮರದ ಕೆಳಗೆ ಒಂದು ಗುಡಿಸಲಿದೆ. ಮುಟ್ಟಾದ ಹೆಂಗಸರು ಹಟ್ಟಿಯೊಳಗೆ ಇರುವಂತಿಲ್ಲ, ಮೂರು ದಿನ ಅಲ್ಲೇ ಇರಬೇಕು. ಜೊತೆಗೆ ಇನ್ನೊಬ್ಬಳಿದ್ದರೆ ಹರಟೆ. ಇಲ್ಲದಿದ್ದರೆ ಗುಡಿಸಲ ಮುಂದೆ ಸಗಣಿ ಸಾರಿಸಿ ಗಟ್ಟಿ ಮಾಡಿದ ಗುಳಿಗಳು, ಮರದಿಂದ ಉದುರಿದ ಹೊಂಗೆ ಬೀಜ, ಮತ್ತು ಅವರವರ ಎರಡು ಕೈ. ಅವಳ ಅಜ್ಜಿಯೂ ಅಲ್ಲೇ ಕಲಿತದ್ದಂತೆ.

“ಅಲ್ಲಿದ್ದು ಅಲ್ಲೇ ಬಿಟ್ಟು ಬರ್ಬೇಕು ಮೇಡಂ. ಒಂದು ಬೀಜ ಸೈತ ಹಟ್ಟಿ ಒಳಕ್ಕೆ ತರಂಗಿಲ್ಲ,” ಎಂದಳು.

“ಆಟಕ್ಕೂ ಮೈಲಿಗೆಯೇನೇ?” ಎಂದು ನಾನು ನಕ್ಕೆ. ಅವಳು ನಗಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಸುಮ್ಮನಿದ್ದದ್ದನ್ನು ಒಪ್ಪಿಗೆ ಎಂದು ಎಣಿಸಿದೆ. ಉಪನ್ಯಾಸಕಿಯ ಎದುರು ವಿದ್ಯಾರ್ಥಿನಿ ಸುಮ್ಮನಿರುವುದಕ್ಕೆ ಬೇರೆ ಕಾರಣಗಳಿರುತ್ತವೆ ಎಂಬುದು ನಾಲ್ಕು ವರ್ಷ ಪಾಠ ಮಾಡಿದ ನನಗೆ ತಿಳಿಯಬೇಕಿತ್ತು.

ಡಿಸೆಂಬರಿನಲ್ಲಿ ಪಟ್ಟಿ ಅಂತಿಮಗೊಳಿಸುವ ಸಭೆ ನಡೆಯಿತು. ಪ್ರಿನ್ಸಿಪಾಲರಿಗೆ ಹುಲಿ-ಕುರಿಯ ಮೇಲೆ ಪ್ರೀತಿ. ನಾನು ವಾದ ಹೂಡಿದೆ. ಒಂಬತ್ತು ಆಟಗಳಿಗೂ ಜೊತೆಗಾರರು ಬೇಕು, ಯಾರೂ ಸೇರಿಸಿಕೊಳ್ಳದ ಮಗುವಿಗೆ ನಮ್ಮಲ್ಲಿ ಏನಿದೆ ಎಂದು ಕೇಳಿದೆ. ಹಿಂದಿನ ವಾರ ಮದಕರಿಪುರದ ಶಾಲೆಯಲ್ಲಿ ಪ್ರಯೋಗವನ್ನೂ ಮಾಡಿದ್ದೆ. ತಂಗಿಯನ್ನು ಸೊಂಟದ ಮೇಲೆ ಹೊತ್ತು ಬಂದು ಮೂಲೆಯಲ್ಲಿ ಕೂರುತ್ತಿದ್ದ ಹುಡುಗಿಯೊಬ್ಬಳು, ತಂಗಿಯನ್ನು ಪಕ್ಕದಲ್ಲಿ ಮಲಗಿಸಿಕೊಂಡು ಒಂದು ಗಂಟೆ ಹೊತ್ತು ಎಡಗೈ ಬಲಗೈ ಆಡಿದಳು. ಕೂಡುವುದು, ಕಳೆಯುವುದು, ಅರ್ಧ ಮಾಡುವುದು ಎಲ್ಲ ಅದರಲ್ಲೇ ಬರುತ್ತಿತ್ತು. ಪ್ರಿನ್ಸಿಪಾಲರು ಸೋತರು. ರಂಗಮ್ಮನ ಆಟ ಹತ್ತನೆಯದಾಯಿತು. ಆ ದಿನ ನನಗಾದ ಸಂತೋಷವನ್ನು ಈಗ ತಪ್ಪೆಂದು ತಳ್ಳಿಹಾಕಲೂ ಆಗುವುದಿಲ್ಲ. ಯಾಕೆಂದರೆ ಆಯ್ಕೆ ಸರಿಯಾಗಿಯೇ ಇತ್ತು.

ಜನವರಿಯಲ್ಲಿ ಹತ್ತು ಆಟಗಳ ಕೈಪಿಡಿ ಸಿದ್ಧವಾಯಿತು. ಸ್ಟೆನ್ಸಿಲ್ ಹಾಳೆಯ ಮೇಲೆ ನಾನೇ ಬರೆದೆ, ಸೈಕ್ಲೋಸ್ಟೈಲ್ ಯಂತ್ರದಲ್ಲಿ ನೂರಿಪ್ಪತ್ತು ಪ್ರತಿ ತೆಗೆಸಿದೆವು. ನಾಲ್ಕು ಕಾಲಮ್ಮನ್ನೂ ಹಾಗೆಯೇ ಇಳಿಸಿದ್ದೆ. ಹತ್ತನೆಯ ಆಟದ ಎದುರು ರಂಗಮ್ಮನ ನಿಜವಾದ ಹೆಸರು, ಹಟ್ಟಿಯ ಹೆಸರು, ತಾಲ್ಲೂಕು. ಸಂದರ್ಭದ ಕಾಲಮ್ಮಿನಲ್ಲಿ, ‘ಮುಟ್ಟಿನ ದಿನಗಳಲ್ಲಿ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಒಬ್ಬಳೇ ಇರುವಾಗ ಕಲಿತದ್ದು’.

ಪ್ರತಿಗಳನ್ನು ಹಂಚಿದಾಗ ರಂಗಮ್ಮ ಆ ಪುಟವನ್ನು ಬಹಳ ಹೊತ್ತು ನೋಡಿದಳು. “ಇವು ಎಲ್ಲಾ ಕಡೀಕೂ ಹೋಗ್ತವಾ ಮೇಡಂ?”

“ಹೌದು ಕಣೇ, ನಿನ್ನ ಹೆಸರು ನಾಲ್ಕು ತಾಲ್ಲೂಕಿನ ಶಾಲೆಗಳಿಗೂ ಹೋಗುತ್ತೆ,” ಎಂದೆ. ಬಹುಮಾನ ಕೊಡುವವಳ ಹಾಗೆ ಹೇಳಿದೆ.

ಫೆಬ್ರವರಿಯಲ್ಲಿ ಆದದ್ದನ್ನು ನಾನು ಆಮೇಲೆ ಬಿಡಿಬಿಡಿಯಾಗಿ ಕೇಳಿ ತಿಳಿದುಕೊಂಡೆ. ಹಟ್ಟಿಯ ಹತ್ತಿರದ ಶಾಲೆಗೂ ಒಂದು ಪ್ರತಿ ಹೋಗಿತ್ತು. ಅಲ್ಲಿನ ಮೇಷ್ಟ್ರು ಒಳ್ಳೆಯವರೇ. ‘ನಮ್ಮ ಹಟ್ಟಿ ಹುಡುಗಿಯ ಹೆಸರು ಪುಸ್ತಕದಲ್ಲಿ ಬಂದಿದೆ’ ಎಂಬ ಖುಷಿಗೆ ಊರವರನ್ನು ಸೇರಿಸಿ, ಹೆಸರಿನಿಂದ ಹಿಡಿದು ಸಂದರ್ಭದವರೆಗೆ ಗಟ್ಟಿಯಾಗಿ ಓದಿಬಿಟ್ಟರು. ಮಕ್ಕಳು ಮನೆಗೆ ಹೋಗಿ ಹಟ್ಟಿಯೊಳಗೆ, ದೇವರ ಗುಡಿಯ ಮುಂದಿನ ಅಂಗಳದಲ್ಲೇ, ಗುಳಿ ತೋಡಿ ಆಡಿದರು. ಬೀಜ ಬೇಕಲ್ಲ, ಅದೇ ಹೊಂಗೆ ಮರದ ಕೆಳಗಿನದನ್ನು ಆರಿಸಿ ತಂದಿದ್ದರು.

ಫೆಬ್ರವರಿ ಕೊನೆಯ ವಾರ ರಂಗಮ್ಮನ ಅಪ್ಪ ಬಂದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ನಮ್ಮ ಕೈಪಿಡಿ. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ನಂಗೆ ಓದಾಕ್ ಬರಲ್ಲ ಟೀಚರಮ್ಮ. ಇದ್ರಾಗೆ ನನ್ ಮಗಳ ವಿಷ್ಯ ಎಲ್ಲೈತೆ, ತೋರಿಸ್ರಿ.”

ತೋರಿಸಿದೆ. ಅವರು ಆ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ನಿಂತರು.

“ನಮ್ಮನ್ಯಾಗೆ ಅವಳವ್ವ ನನ್ನ ಮುಂದೆ ಬಾಯಿಬಿಟ್ಟು ಹೇಳಾದಲ್ಲ ಇದು. ಇಡೀ ಊರು ಓದೈತೆ. ದೇವ್ರ ಮುಂದಕ್ಕೆ ಹೋಗೈತೆ. ಹಟ್ಟಿ ಶುದ್ಧ ಮಾಡ್ಸಿದ್ವಿ. ಓದಾಕೆ ಕಳ್ಸಿದ್ದು ಸಾಕು ಅಂತ ಹಿರೇರು ಅಂದವ್ರೆ.” ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ವಾದ ಮಾಡುತ್ತಿದ್ದೆನೋ ಏನೋ. ಪರೀಕ್ಷೆಗೆ ಇನ್ನು ಆರೇ ವಾರ ಎಂದು ಅಂಗಲಾಚಿದೆ. ಪ್ರಿನ್ಸಿಪಾಲರೂ ಹೇಳಿದರು. ಆ ಅಪ್ಪ ನಮ್ಮಿಬ್ಬರಿಗೂ ಕೈ ಮುಗಿದರು. ಅರ್ಧ ಗಂಟೆಯಲ್ಲಿ ರಂಗಮ್ಮನ ಟ್ರಂಕು ಹಾಸ್ಟೆಲಿನಿಂದ ಹೊರಗೆ ಬಂತು. ಅವಳು ನನ್ನ ಕಡೆ ನೋಡಲಿಲ್ಲ.

ಮಾರ್ಚ್ ಮಧ್ಯದಲ್ಲಿ ಹಾಲ್ ಟಿಕೆಟ್‌ಗಳು ಬಂದವು. ಅವುಗಳಲ್ಲಿ ರಂಗಮ್ಮನದ್ದೂ ಇತ್ತು. ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ಒಂದು ಭಾನುವಾರ ಹಿರಿಯೂರಿಗೆ ಬಸ್ಸಿನಲ್ಲಿ ಹೋದೆ. ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ಎರಡು ಮೈಲಿ ನಡಿಗೆ. ಬಿಸಿಲು ನೆತ್ತಿ ಸುಡುತ್ತಿತ್ತು. ಹಟ್ಟಿಯ ಬೇಲಿಯ ಹತ್ತಿರ ಅವಳ ತಾಯಿ ಸಿಕ್ಕರು. “ಬಿಸ್ಲಾಗೆ ಬಂದೀರಿ, ನೆಳ್ಳಿಗೆ ಕುಂತ್ಕಳ್ರಿ,” ಎಂದು ಚೊಂಬಿನಲ್ಲಿ ಮಜ್ಜಿಗೆ ಕೊಟ್ಟರು. ಅಪ್ಪ ಕುರಿ ಹೊಡೆದುಕೊಂಡು ಹೋಗಿದ್ದರು. ಮಗಳೆಲ್ಲಿ ಎಂದೆ. ಆ ತಾಯಿ ಹೊಂಗೆ ಮರದ ಕಡೆ ನೋಡಿದರು.

ಗುಡಿಸಲು ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದಿತ್ತು. ರಂಗಮ್ಮ ಒಬ್ಬಳೇ ಬಾಗಿಲ ಮುಂದೆ ಕುಳಿತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು.

“ಅಲ್ಲೇ ನಿಂತ್ಕಳ್ರಿ ಮೇಡಂ. ಅವ್ವ ನೋಡ್ತೈತೆ.”

ಆಟಕ್ಕೂ ಮೈಲಿಗೆಯೇ ಎಂದು ನಕ್ಕಿದ್ದ ನಾನು, ಹತ್ತು ಹೆಜ್ಜೆ ದೂರದಲ್ಲೇ ನಿಂತೆ. ಹಾಲ್ ಟಿಕೆಟ್ ತೆಗೆದು ತೋರಿಸಿದೆ. ಏಪ್ರಿಲಿನಲ್ಲಿ ಪರೀಕ್ಷೆ, ಹೇಗಾದರೂ ಬಾ, ನನ್ನ ಮನೆಯಲ್ಲೇ ಇರು, ನಿನ್ನಪ್ಪನ ಕಾಲು ಬೇಕಾದರೂ ಹಿಡಿಯುತ್ತೇನೆ ಎಂದೆ. ಕಲ್ಲಿನ ಮೇಲೆ ಇಟ್ಟು ಹೋಗಲೇ ಎಂದು ಕೇಳಿದೆ.

“ಇಲ್ಲಿ ಕೊಟ್ರೆ ಇಲ್ಲೇ ಬಿಟ್ಟು ಹೋಗ್ಬೇಕಾಗ್ತೈತೆ. ವಾಪಸ್ ತಗಂಡ್ ಹೋಗ್ರಿ. ಲಗ್ನ ಗೊತ್ತಾಗೈತೆ ಮೇಡಂ.”

“ನನ್ನಿಂದ ತಪ್ಪಾಯ್ತು ರಂಗಮ್ಮ,” ಎಂದೆ. ಅಳು ಬಂತು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ತರಗತಿಯಲ್ಲಿ ಲೆಕ್ಕದ ಹೆಜ್ಜೆ ತಪ್ಪಿದವಳಿಗೆ ಹೇಳಿಕೊಡುವ ಹಾಗೆ ನಿಧಾನವಾಗಿ ಹೇಳಿದಳು: “ನಾನು ಆಟ ಹೇಳ್ಕೊಟ್ಟೆ. ಜಾಗ ಕೇಳಿದ್ದು ನೀವು.”

ಆಮೇಲೆ ನಾನು ಅವಳ ಕಾಲ ಬಳಿ ನೋಡಿದೆ. ಎರಡು ಸಾಲು ಗುಳಿಗಳಿದ್ದ ಜಾಗದಲ್ಲಿ ಕೆಂಪು ಮಣ್ಣು ತುಂಬಿ, ದಮ್ಮಸು ಮಾಡಿ, ಮಟ್ಟ ಮಾಡಿದ್ದರು. ಹಿರಿಯರು ಮುಚ್ಚಿಸಿದರಂತೆ. ಇನ್ನು ಮೇಲೆ ಅಲ್ಲಿ ಯಾರೂ ಆಡುವ ಹಾಗಿಲ್ಲ. ಮರದಿಂದ ಬೀಜ ಉದುರಿ ಸುತ್ತಲೂ ಬಿದ್ದಿತ್ತು.

ಆ ವರ್ಷ ನಮ್ಮ ಕಾಲೇಜಿನ ಪಟ್ಟಿಯನ್ನು ಮೇಲಿನವರು ಮೆಚ್ಚಿದರು. ಹತ್ತನೆಯ ಆಟವನ್ನಂತೂ ಬೇರೆ ಎರಡು ಕಾಲೇಜಿನವರು ಕೇಳಿ ಪಡೆದರು. ನಾನು ಕೈಪಿಡಿಯಿಂದ ಹೆಸರು, ಊರು, ಸಂದರ್ಭದ ಕಾಲಂಗಳನ್ನು ಹೊಡೆದು ಹಾಕಿದೆ; ಹೊರಗೆ ಹೋದ ನೂರಿಪ್ಪತ್ತು ಪ್ರತಿಗಳನ್ನು ವಾಪಸು ಕರೆಸಲು ಆಗಲಿಲ್ಲ. ಮರುವರ್ಷದಿಂದ ಹುಲಿ-ಕುರಿ ಕಲಿಸಿದೆ. ನಿವೃತ್ತಿಯವರೆಗೆ ರಂಗಮ್ಮನ ಆಟವನ್ನು ನಾನು ತರಗತಿಯಲ್ಲಿ ಆಡಿಸಲಿಲ್ಲ, ಬೇರೆಯವರು ಆಡಿಸಿದರು. ಯಾವುದೋ ಶಾಲೆಯ ಜಗಲಿಯಲ್ಲಿ ಒಂದು ಮಗು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಬಲಗೈಯಲ್ಲಿ ಕಲ್ಲು ಹಾಕುವುದನ್ನು ಎರಡು ಮೂರು ಸಲ ಕಂಡಿದ್ದೇನೆ. ಆ ಆಟ ತಾನು ಹುಟ್ಟಿದ ಜಾಗದಲ್ಲಿ ಮಾತ್ರ ಇಲ್ಲದಂತಾಯಿತು.

ಪಾಠಕ್ಕೆ ಒಂದು ವಿಷಯವನ್ನು ಆರಿಸುವಾಗ ಅದು ಮಕ್ಕಳಿಗೆ ಎಷ್ಟು ಉಪಯೋಗ, ಎಷ್ಟು ಸುಲಭ ಎಂದು ನೋಡಲು ನಮಗೆ ಕಲಿಸುತ್ತಾರೆ. ಅದು ಯಾರದ್ದು, ಕೊಟ್ಟರೆ ಅವರ ಬಳಿ ಉಳಿಯುವುದೇನು ಎಂದು ಕೇಳಲು ಯಾರೂ ಕಲಿಸುವುದಿಲ್ಲ. ನಾನು ಅದನ್ನು ಒಬ್ಬ ವಿದ್ಯಾರ್ಥಿನಿಯ ಬದುಕು ಕೆಡಿಸಿ ಕಲಿತೆ. ಮೂವತ್ತು ವರ್ಷದ ಸರ್ವಿಸಿನಲ್ಲಿ ಎಷ್ಟೋ ಮುಖಗಳು ಮರೆತಿವೆ. ಆ ಭಾನುವಾರ ಬೇಲಿಯ ಹತ್ತಿರ ತಿರುಗಿ ನೋಡಿದಾಗ ಕಂಡದ್ದು ಮರೆತಿಲ್ಲ. ರಂಗಮ್ಮ ಮತ್ತೆ ಬಾಗಿಲ ಮುಂದೆ ಕುಳಿತಿದ್ದಳು. ಇನ್ನೂ ಎರಡು ದಿನ ಅಲ್ಲೇ ಇರಬೇಕಿತ್ತು. ಅವಳ ಎರಡು ಕೈಗಳೂ ಮಡಿಲಲ್ಲಿ ಸುಮ್ಮನೆ ಇದ್ದವು.