ಮಾವನ ಕಣ್ಣು, ನನ್ನ ಗಜ್ಜರಿ

ಮೊನ್ನೆ ಕುಷ್ಟಗಿ ಬಸ್ ಸ್ಟ್ಯಾಂಡಿನಲ್ಲಿ ಪಕ್ಕದವರೊಬ್ಬರು ಬೀಡಿ ಹಚ್ಚಿದರು. ಆ ವಾಸನೆಗೆ ನಮ್ಮ ಮಾವ, ಅಂದರೆ ಹೆಂಡತಿಯ ತಂದೆ, ನೆನಪಾದರು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅವರು ಇದೇ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದರು. ಬಂದ ಬಸ್ಸಿನ ಬೋರ್ಡು ಓದಿ ಮೈಕಿನಲ್ಲಿ ಕೂಗುವುದು, ಮುಂದಿನ ಬಸ್ಸು ಬರುವತನಕ ಬೀಡಿ ಸೇದುವುದು ಅವರ ದಿನಚರಿ. ಬಸ್ಸುಗಳು ಕಡಿಮೆಯಿದ್ದ ಕಾಲವಾದ್ದರಿಂದ ಬೀಡಿಗೆ ಪುರುಸೊತ್ತು ಭಾಳ ಸಿಗುತ್ತಿತ್ತು.

ನಾನು ಆಗ ಯಲಬುರ್ಗಾದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಕಣ್ಣಿನ ಪಾಠ ನನ್ನದೇ. ಬಣ್ಣದ ಸೀಮೆಸುಣ್ಣದಲ್ಲಿ ಅಷ್ಟು ಚಂದದ ಕಣ್ಣು ಬರೆಯುವವನಿಗೆ ಕಣ್ಣಿನ ಬೇನೆ ತಿಳಿಯದೇ ಇದ್ದೀತೇ ಎಂದು ಬೀಗರೆಲ್ಲ ನಂಬಿದ್ದರು. ನಿಮ್ಮ ಮುಂದೆ ಸುಳ್ಳೇಕೆ, ನಾನೂ ನಂಬಿದ್ದೆ.

ಒಂದು ದಿನ ಮಾವ ಗಂಗಾವತಿಗೆ ಹೋಗಬೇಕಿದ್ದ ಮದುವೆ ದಿಬ್ಬಣವನ್ನು ಯಲಬುರ್ಗಾದ ಬಸ್ಸಿಗೆ ಹತ್ತಿಸಿದರು. ಗಂಡಿನ ಕಡೆಯವರು ಮರಳಿ ಬಂದು ಕೂಗಾಡಿದ ಮೇಲೆಯೇ ಅವರು ನನ್ನೆದುರು ಬಾಯಿಬಿಟ್ಟದ್ದು.

"ಮಾಸ್ತರ, ಬಿಸಿಲಿಗೆ ಬಂದ್ರ ಬಲಗಣ್ಣಿಗೆ ಕತ್ತಲ ಕವೀತೈತಿ. ನೆರಳಿಗೆ ಹೋದ್ರ ಮೆಲ್ಲಕ ತಿಳಿ ಆಗತೈತಿ. ಹುಬ್ಬು ನೋಯ್ತೈತಿ, ಅಡ್ಡಾದ್ರ ಕಡಿಮಿ."

ಎಡಗಣ್ಣಿನಲ್ಲಿ ಮೊದಲೇ ಪೊರೆ ಬೆಳೆದಿತ್ತು. ಉಳಿದದ್ದು ಬಲಗಣ್ಣೊಂದೇ. ಅದೂ ಹೋದರೆ ನೌಕರಿಯೂ ಹೋಯಿತು. ನಾನು ಗಂಭೀರವಾಗಿ ಯೋಚಿಸಿ, "ಗಜ್ಜರಿ ತಿನ್ರಿ ಮಾವಾರ, ಎ ಜೀವಸತ್ವ ಕಡಿಮಿ ಆಗೇತಿ" ಎಂದೆ. ಮಾವ ಒಂದು ಕೈಯಲ್ಲಿ ಗಜ್ಜರಿ, ಅಂದರೆ ಕ್ಯಾರೆಟ್ಟು, ಇನ್ನೊಂದರಲ್ಲಿ ಬೀಡಿ ಹಿಡಿದು ತಿಂಗಳು ಕಳೆದರು. ಅತ್ತೆ ನೆತ್ತಿಗೆ ಔಡಲೆಣ್ಣೆ ತಟ್ಟಿದರು. ಡ್ರೈವರೊಬ್ಬರು ಕರಿ ಕನ್ನಡಕ ಕೊಡಿಸಿದರು. ಕನ್ನಡಕ ಹಾಕಿಕೊಂಡು ಬೋರ್ಡು ಓದಲು ಹೋದ ಮಾವನಿಗೆ ಬಸ್ಸೇ ಕಾಣದಾಯಿತು.

ಕೊನೆಗೆ ಹುಬ್ಬಳ್ಳಿಯ ಕಣ್ಣಿನ ಡಾಕ್ಟರರ ಹತ್ತಿರ ಹೋದೆವು. ಅವರು ಕಣ್ಣಿನೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಹಿಂದಿನ ಪರದೆಯ ಮೇಲೆ ರಕ್ತದ ಚುಕ್ಕೆಗಳಿವೆ, ರಕ್ತನಾಳಗಳಿಗೆ ಉರಿಯೂತ ಬಂದಿದೆ ಎಂದು ಬಿಳಿ ಗುಳಿಗೆ ಬರೆದುಕೊಟ್ಟರು. ಅವು ಉರಿಯೂತ ಇಳಿಸುವ ಗುಳಿಗೆಗಳಂತೆ. ಕಣ್ಣು ಹಾಗೆಯೇ ಉಳಿಯಿತು. ಆ ಗುಳಿಗೆಯಿಂದ ಮುಖ ಮಾತ್ರ ತುಂಬಿದ ಕೊಡದಂತೆ ದುಂಡಗಾಯಿತು. ಸ್ಟ್ಯಾಂಡಿನ ಜನ, "ಸಾಹೇಬ್ರು ಮೈ ತುಂಬ್ಯಾರ" ಎಂದು ಕೊಂಡಾಡಿದರು. ನಾನೂ ಗಜ್ಜರಿಗೆ ಅದರಲ್ಲಿ ಸ್ವಲ್ಪ ಪಾಲು ಕೊಟ್ಟೆ.

ಒಂದು ಮುಂಜಾನೆ ಚಹಾ ಕುಡಿಯುವಾಗ ಮಾವನ ಎಡಗೈಯಿಂದ ಕಪ್ಪು ಜಾರಿ ಬಿತ್ತು. ಕೈ ಹತ್ತು ನಿಮಿಷ ಎತ್ತಲಾಗಲಿಲ್ಲ, ಆಮೇಲೆ ತಾನಾಗಿ ಸರಿಯಾಯಿತು. "ಕಣ್ಣಿನ ಮಾತು ಬ್ಯಾರೆ, ಕೈ ಮಾತು ಬ್ಯಾರೆ, ನರ ಹಿಡಿದಿರಬೇಕು" ಎಂದೆ ನಾನು. ಅತ್ತೆ ನನ್ನ ಮಾತು ಕೇಳಲಿಲ್ಲ. ಆ ಒಂದು ಸಲ ಕೇಳದಿದ್ದದ್ದೇ ಮಾವನನ್ನು ಉಳಿಸಿತು.

ಅತ್ತೆ ನಮ್ಮಿಬ್ಬರನ್ನೂ ಕೊಪ್ಪಳದ ಒಬ್ಬ ಲೇಡಿ ಡಾಕ್ಟರ್ ಹತ್ತಿರ ಹೊರಡಿಸಿದರು. ಕಣ್ಣಿನವರಲ್ಲ, ಜ್ವರ-ಕೆಮ್ಮು ನೋಡುವವರು. ಅವರು ಎಲ್ಲ ಕೇಳಿಕೊಂಡು ಸ್ಟೆಥಾಸ್ಕೋಪನ್ನು ಮಾವನ ಕುತ್ತಿಗೆಗೆ ಇಟ್ಟರು. ಎಡಕ್ಕೆ ಇಟ್ಟರು, ಬಲಕ್ಕೆ ಇಟ್ಟರು, ಮತ್ತೆ ಬಲಕ್ಕೇ ಇಟ್ಟರು. ಆಮೇಲೆ ಅದನ್ನು ನನ್ನ ಕಿವಿಗೆ ಹಚ್ಚಿ, "ಕೇಳ್ರಿ ಮಾಸ್ತರ್" ಎಂದರು. ಒಳಗೆ ಸುಂಯ್ ಸುಂಯ್ ಎನ್ನುತ್ತಿತ್ತು.

"ಕುತ್ತಿಗಿಯೊಳಗಿನ ರಕ್ತನಾಳ ಕಟ್ಟೇತಿ. ಕಣ್ಣಿಗೆ ರಕ್ತ ಸಾಲವಲ್ದು, ತಲಿಗೂ ಸಾಲವಲ್ದು. ಅದಕ್ಕ ಕೈ ಬಿದ್ದಿದ್ದು. ಕಣ್ಣಾಗ ನೋಡಿದ್ರ ಇದೂ ಉರಿಯೂತದಂಗ ಕಾಣ್ತೈತಿ, ಹುಬ್ಬಳ್ಳಿ ಡಾಕ್ಟರದೇನು ತಪ್ಪಿಲ್ಲ. ಕಾಲುವಿ ಕೊನಿಯ ಹೊಲ ಒಣಗಿದ್ರ ಬೆಳಿಗೆ ಔಷಧ ಹೊಡೀತೀರೇನು?"

"ಬೀಡಿರಿ?" ಎಂದು ಮಾವ ಸಣ್ಣ ದನಿಯಲ್ಲಿ ಕೇಳಿದರು.

"ನಾಳ ಕಟ್ಟೋದಕ್ಕ ಅದ ದೊಡ್ಡ ಕಾರಣ."

ಮಾವ ಕಿಸೆಯಿಂದ ಬೀಡಿಕಟ್ಟು ತೆಗೆದು ಮೇಜಿನ ಮೇಲಿಟ್ಟರು. ನನ್ನ ಕಡೆ ಒಮ್ಮೆ ನೋಡಿ, "ಗಜ್ಜರಿನೂ ಬಿಡಬೇಕೇನ್ರಿ?" ಎಂದರು.

"ತಿನ್ರಿ, ಹಲ್ಲು ಗಟ್ಟಿ ಇದ್ರ."

ಆಕೆ ಬರೆದ ಚೀಟಿ ನೋಡಿ ಹುಬ್ಬಳ್ಳಿಯ ಡಾಕ್ಟರು ಕಣ್ಣನ್ನು ಮತ್ತೆ ಪರೀಕ್ಷಿಸಿದರು. "ನಾನು ಕುತ್ತಿಗೆ ನೋಡಲಿಲ್ಲ" ಎಂದು ನೇರವಾಗಿ ಒಪ್ಪಿಕೊಂಡು, ಗುಳಿಗೆಯನ್ನು ಹಂತಹಂತವಾಗಿ ಇಳಿಸಿ, ಬೆಂಗಳೂರಿಗೆ ಕಳಿಸಿದರು. ಅಲ್ಲಿ ಕುತ್ತಿಗೆ ಕೊಯ್ದು ನಾಳ ಶುದ್ಧ ಮಾಡಿದರು. ಹೊರಗೆ ಬೆಂಚಿನ ಮೇಲೆ ಅತ್ತೆ, "ಕಣ್ಣು ಹೋದ್ರ ಹೋಗ್ಲಿ, ಮನಿಷಾ ಉಳೀಲಿ" ಎನ್ನುತ್ತ ಕುಳಿತಿದ್ದರು. ನಾನು ಮದ್ದು ಹೇಳುವ ಬದಲು ಹೋಗಿ ಅವರಿಗೆ ಚಹಾ ತಂದೆ. ಬಹುಶಃ ಜೀವನದಲ್ಲಿ ಮೊದಲ ಸಲ.

ಬಲಗಣ್ಣು ಮಬ್ಬಾಗಿಯೇ ಉಳಿಯಿತು. ಆದರೆ ಕೈ ಮತ್ತೆಂದೂ ಬೀಳಲಿಲ್ಲ. ಎಡಗಣ್ಣಿನ ಪೊರೆ ತೆಗೆಸಿದ ಮೇಲೆ ಮಾವ ನಿವೃತ್ತಿಯಾಗುವ ತನಕ ಬೋರ್ಡು ಓದಿದರು. ಮತ್ತಾವ ದಿಬ್ಬಣವೂ ದಾರಿ ತಪ್ಪಲಿಲ್ಲ.

ಮೊನ್ನೆ ಕುಷ್ಟಗಿಯಿಂದ ಬಂದು ಬಸ್ಸಿಳಿದು ನಾನು ಮನೆ ಸೇರಿದಾಗ ಪಕ್ಕದ ಮನೆಯ ಶರಣಮ್ಮ ಕಾಯುತ್ತಿದ್ದರು. ಮೊಣಕಾಲು ಬಾತಿತ್ತು. "ಏನ್ ಹಚ್ಚಲಿ ಮಾಸ್ತರ್ರ?" ಎಂದರು. ಬಾಯಿ ತುದಿಗೆ ಬಂದ ಮೂರು ಮದ್ದುಗಳನ್ನು ನುಂಗಿಕೊಂಡು, "ನನಗ ಗೊತ್ತಿಲ್ರಿ, ಡಾಕ್ಟರಿಗೆ ತೋರಿಸ್ರಿ" ಎಂದೆ. ಆಕೆ ಬೇಸರದಿಂದ ನನ್ನ ಹೆಂಡತಿಯತ್ತ ತಿರುಗಿ, "ಮಾಸ್ತರ್ರಿಗೆ ಮೊದಲಿನ ತಿಳುವಳಿಕಿ ಉಳಿದಿಲ್ಲ ಬಿಡ್ರಿ" ಎಂದರು.

"ಹೌದವಾ," ಎಂದಳು ಹೆಂಡತಿ, "ಈಗೀಗ ಛಲೋ ಆಗ್ಯಾರ."