ಮಾತ್ರೆ ಉಗುಳಿದ ಹಂದಿ

ಹೊಸಪೇಟೆಯಿಂದ ಕಂಪ್ಲಿಗೆ ಹೊರಟ ಬೆಳಗಿನ ಬಸ್ಸಿನಲ್ಲಿ ಸುಮಿತ್ರಾ ಮೇಡಂಗೆ ಕಿಟಕಿ, ನನಗೆ ಐಸ್ ಡಬ್ಬಿ. ಮೂವತ್ತು ಕಿಲೋಮೀಟರು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಇಳಿಯುವ ಹೊತ್ತಿಗೆ ಆ ತೊಡೆಗಳು ಯಾರದೋ ಆಗಿದ್ದವು.

ಮೇಡಂ ಪಶುವೈದ್ಯೆ, ನಾನು ಅವರ ಸಹಾಯಕ. ಬಂಡ್ರಿಯ ಆರೋಗ್ಯವಂತ ಹಂದಿಯೊಂದರ ಕರುಳಿನಲ್ಲಿ, ಯಾವ ಪುಸ್ತಕದಲ್ಲೂ ಇಲ್ಲದ ಬ್ಯಾಕ್ಟೀರಿಯಾ ಅವರಿಗೆ ಸಿಕ್ಕಿತ್ತು. ಒಂದೇ ಹಂದಿಯಲ್ಲಿ ಸಿಕ್ಕರೆ ಹೊಸ ಪ್ರಭೇದವೆಂದು ದೊಡ್ಡವರು ಒಪ್ಪುವುದಿಲ್ಲ. ಬೇರೆ ಊರಿನ, ಔಷಧಿ ಮುಟ್ಟದ ಇನ್ನೊಂದು ಹಂದಿಯಲ್ಲೂ ಸಿಗಬೇಕು. ಮೇಡಂ ಅವರ ಎರಡು ವರ್ಷದ ದುಡಿಮೆ ಆ ಇನ್ನೊಂದು ಹಂದಿಯ ಮೇಲೆ ನಿಂತಿತ್ತು.

ಕಂಪ್ಲಿಯ ಕಾಲುವೆ ದಂಡೆಯಲ್ಲಿ, ನಮಗೆ ಹಂದಿ ತೋರಿಸಲು ಒಪ್ಪಿದ್ದ ಹುಲಿಗೆಮ್ಮನ ಹಂದಿಗಳು ಮಿಂದು, ಮದುವೆಗೆ ಹೊರಟ ಬೀಗರಂತೆ ನಿಂತಿದ್ದವು.

"ಡಾಕ್ಟರ್ ಬರ್ತಾರಂತ ನಿನ್ನೀನ ಎಲ್ಲಾಕ್ಕೂ ಮಾತ್ರಿ ನುಂಗ್ಸೀನ್ರಿ," ಎಂದಳು ಆಕೆ, ಹೆಮ್ಮೆಯಿಂದ. "ಒಂದು ರೋಗ ಸಿಕ್ರ ಕೇಳ್ರಿ!"

ಮೇಡಂ ಅಲ್ಲೇ ಕಲ್ಲಿನ ಮೇಲೆ ಕುಸಿದರು. ರೋಗಾಣು ಕೊಲ್ಲುವ ಆ ಮಾತ್ರೆ ನಾವು ಹುಡುಕಿ ಬಂದದ್ದನ್ನೂ ಕೊಂದಿರುತ್ತದೆ.

"ಒಂದನ್ನಾದರೂ ಬಿಟ್ಟಿಲ್ಲವೇನಮ್ಮ?" ಎಂದರು ಮೇಡಂ.

ಹುಲಿಗೆಮ್ಮ ತಲೆ ತಗ್ಗಿಸಿದಳು. "ಒಂದೈತ್ರಿ, ಮರಿ ಹಾಕಿದ್ದು. ಮೂರು ಸಲ ಉಗುಳ್ತು, ಮಾನಗೇಡಿ. ನಿಮ್ಮ ಮುಂದ ಮರ್ಯಾದಿ ಹೋಗ್ತದಂತ ಕಬ್ಬಿನಾಗ ಓಡ್ಸೀನಿ."

ಆಕೆ ಕರೆದಷ್ಟೂ ಅದು ಒಳಕ್ಕೇ ಹೋಯಿತು. ಮಾತ್ರೆ ನೆನಪಾಗಿರಬೇಕು. ಕೊನೆಗೆ ನಾನು, ಕಾಲು ತುಳಿಸಿಕೊಂಡ ಹಂದಿಮರಿಯ ಹಾಗೆ ಕಿರುಚಿದೆ. ಕಬ್ಬು ಸೀಳಿಕೊಂಡು ಬಂದ ಆ ತಾಯಿ, ಮರಿಯ ಬದಲು ನನ್ನನ್ನು ಕಂಡು ಸಿಟ್ಟಿನಿಂದ ಕೆಸರಿಗೆ ಕೆಡವಿತು.

"ಬಿಡಬ್ಯಾಡ, ಕಾಲು ಹಿಡಿಯಲೇ!" ಎಂದು ಹುಲಿಗೆಮ್ಮ ಹಂದಿಯ ಮೇಲೆ ಬಿದ್ದಳು. "ಮಸ್ತ್ ಒದರ್ತೀಯಲ್ಲೋ, ಯಾವ ಹಂದಿ ಕೂಡ ಬೆಳದಿ?"

ನಾನು ಮೇಡಂ ಕಡೆ ನೋಡಿ, ಹಂದಿಯ ಕಾಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ.

ಕರುಳಿನ ಆ ಬ್ಯಾಕ್ಟೀರಿಯಾ ಗಾಳಿ ತಾಗಿದರೆ ಸಾಯುತ್ತದೆ. ಮೇಡಂ ಹಂದಿಯ ಹಿಂಬದಿಗೆ ತೂರಿಸಿ ತೆಗೆದ ಹತ್ತಿಕಡ್ಡಿಯನ್ನು ತಕ್ಷಣ ಕೊಳವೆಗಿಳಿಸಿ ರಬ್ಬರ್ ಬಿರಡೆ ಒತ್ತಿದರು. ಹೊರಡುವಾಗ ಹುಲಿಗೆಮ್ಮ ಅವರ ಕೈ ಹಿಡಿದಳು.

"ಹುಳ ಸಿಕ್ರ ಯಾರಿಗೂ ಹೇಳಬ್ಯಾಡ್ರಿ ಅಕ್ಕಾರ. ಸಂತ್ಯಾಗ ನನ್ನ ಹಂದಿ ಯಾರೂ ಮುಟ್ಟಂಗಿಲ್ಲ."

"ಇದು ರೋಗದ ಹುಳ ಅಲ್ಲಮ್ಮ."

"ಹುಳ ಅಂದ್ರ ಹುಳಾನ ರೀ."

ವಾಪಸು ಬಸ್ಸಿನಲ್ಲಿ ನನ್ನ ಕೆಸರಿನ ವಾಸನೆಗೆ ಪಕ್ಕದವರೆಲ್ಲ ಎದ್ದುಹೋಗಿ, ಡಬ್ಬಿಗೂ ಒಂದು ಸೀಟು ಸಿಕ್ಕಿತು.

ಮೂರು ವಾರದ ಮೇಲೆ ಫಲಿತಾಂಶ ಬಂತು: ಬಂಡ್ರಿಯದೂ ಕಂಪ್ಲಿಯದೂ ಒಂದೇ ಪ್ರಭೇದ. ಮೇಡಂ ಅಂದೇ ಹುಲಿಗೆಮ್ಮನಿಗೆ ಪತ್ರ ಬರೆಯಲು ಕೂತರು. 'ನಿಮ್ಮ ಹಂದಿ ಆರೋಗ್ಯವಾಗಿದೆ. ಅದರಲ್ಲಿ ಜಗತ್ತಿಗೇ ಹೊಸದಾದ ಜೀವಿ ಸಿಕ್ಕಿದೆ.' 'ಹುಳ ಅಂದ್ರ ಹುಳಾನ' ಎಂದು ಗೊಣಗಿಕೊಂಡು, ಎರಡನೆಯ ಸಾಲನ್ನು ತಾವೇ ಹೊಡೆದುಹಾಕಿದರು.